ಹಸುಗೂಸಿನ ಫೋಟೊಶೂಟ್: ಫ್ಲ್ಯಾಶ್‌ಗೆ ಹೆದರುವವರು ಚಳಿಯನ್ನೇ ಮರೆಯುತ್ತಾರೆ

ಕಳೆದ ಚಳಿಗಾಲದಲ್ಲಿ ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದಲ್ಲಿರುವ ನಮ್ಮ ಸಂಬಂಧಿಕರ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು. ಅಡಿಕೆ ಸುಲಿದು ಬೇಯಿಸುವ ಕಾಲ, ಮನೆ ತುಂಬ ಜನ. ಅದರ ನಡುವೆಯೇ ಮಗುವಿನ ತಂದೆ ಒಬ್ಬ ಫೋಟೊಗ್ರಾಫರನ್ನು ಗೊತ್ತು ಮಾಡಿ, ಏಳನೇ ದಿನಕ್ಕೆ ಫೋಟೊಶೂಟ್ ನಿಗದಿ ಮಾಡಿದ. ಸುದ್ದಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದದ್ದೇ ತಡ, ಒಂದೇ ಸಂಜೆ ನಾಲ್ಕು ಸಂದೇಶಗಳು ಬಂದವು. ಇವು ನಿಮ್ಮ ಗುಂಪಿಗೂ ಬಂದಿರಬಹುದು:

• ಫ್ಲ್ಯಾಶ್ ಬಿದ್ದರೆ ಮಗುವಿನ ಕಣ್ಣು ಶಾಶ್ವತವಾಗಿ ಹೋಗುತ್ತದೆ.
• 14 ದಿನದೊಳಗೆ ತೆಗೆಸದಿದ್ದರೆ ಮತ್ತೆ ಅಂಥ ಫೋಟೊ ಸಿಗುವುದಿಲ್ಲ.
• ಚೂರು ಜಾಯಿಕಾಯಿ ತೇಯ್ದು ಜೇನಿನಲ್ಲಿ ನೆಕ್ಕಿಸಿ, ಮಗು ಮೂರು ಗಂಟೆ ಅಲುಗಾಡದೆ ಮಲಗುತ್ತದೆ.
• ಮಗು ಹಳದಿಯಾಗಿದ್ದರೆ ಚಿಂತೆ ಬೇಡ, ಬೆಳಗಿನ ಬಿಸಿಲಿಗೆ ಹಿಡಿದರೆ ಸಾಕು. ಫೋಟೊದಲ್ಲಿ ಹೇಗೂ ಬಣ್ಣ ಸರಿ ಮಾಡುತ್ತಾರೆ.

ನಾನು ವೈದ್ಯೆಯಲ್ಲ. ಸಂವಹನ ವಿಷಯ ಓದಿ, ಇಂಥ ಸಂದೇಶಗಳ ಹಿಂದೆ ಬಿದ್ದು ನಿಜ ಏನೆಂದು ಹುಡುಕುವುದು ನನ್ನ ಕೆಲಸ. ಚುಟುಕಾಗಿ ಹೇಳುವುದಾದರೆ, ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ಸತ್ಯ. ಉಳಿದ ಎರಡು ಅಪಾಯಕಾರಿ. ನಿಜವಾಗಿ ಎಚ್ಚರ ವಹಿಸಬೇಕಾದ ಚಳಿ, ಉಸಿರು ಮತ್ತು ಸೋಂಕಿನ ಬಗ್ಗೆ ಈ ನಾಲ್ಕರಲ್ಲಿ ಒಂದೂ ಮಾತನಾಡುವುದಿಲ್ಲ. ಒಂದೊಂದಾಗಿ ನೋಡೋಣ.

ಫ್ಲ್ಯಾಶ್‌ನಿಂದ ಕಣ್ಣು ಹೋಗುತ್ತದೆಯೇ?

ಈ ಭಯ ಹಳೆಯದೇ. ಆದರೆ ಅದಕ್ಕೆ ರೆಕ್ಕೆ ಬಂದದ್ದು 2015ರಲ್ಲಿ. ಚೀನಾದಲ್ಲಿ ಮೂರು ತಿಂಗಳ ಮಗುವೊಂದರ ಮುಖದ ಹತ್ತಿರವೇ ಫ್ಲ್ಯಾಶ್ ಹಾಕಿ ಫೋಟೊ ತೆಗೆದಿದ್ದರಿಂದ ಒಂದು ಕಣ್ಣು ಕುರುಡಾಯಿತು ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿತು. ಕಣ್ಣಿನ ತಜ್ಞರು ಇದನ್ನು ಒಪ್ಪಲಿಲ್ಲ. ಕ್ಯಾಮೆರಾ ಫ್ಲ್ಯಾಶ್‌ಗೆ ಅಷ್ಟು ಶಕ್ತಿ ಇಲ್ಲ ಎಂದರು. ತಜ್ಞರ ಮಾತು ಮಾತ್ರ ಸುದ್ದಿಯಷ್ಟು ದೂರ ಹೋಗಲಿಲ್ಲ.

ಕಾರಣ ಸರಳ. ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು ಹೊತ್ತು ಮಾತ್ರ. ಕಣ್ಣಿನ ಒಳಪದರವಾದ ರೆಟಿನಾ ಸುಡಬೇಕಾದರೆ ತೀವ್ರವಾದ ಬೆಳಕು ಒಂದೇ ಕಡೆ ಬಹಳ ಹೊತ್ತು ಬೀಳಬೇಕು, ಸೂರ್ಯನನ್ನೇ ನೆಟ್ಟ ದೃಷ್ಟಿಯಿಂದ ನೋಡಿದಾಗ ಆಗುವ ಹಾಗೆ. ಜೊತೆಗೆ, ಹಗಲಿನಲ್ಲಿ ಅಂಗಳಕ್ಕೆ ಬಂದರೆ ಸಿಗುವ ಬೆಳಕೂ ಕಡಿಮೆಯದ್ದಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಸಾಕ್ಷಿ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮ ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಆಸ್ಪತ್ರೆಗಳಿಗೆ ವಿಶೇಷ ಕ್ಯಾಮೆರಾ ಒಯ್ಯುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಿನೊಳಗೆ ಬೆಳಕು ಹಾಯಿಸಿ ರೆಟಿನಾದ ಫೋಟೊ ತೆಗೆಯುತ್ತಾರೆ. ಆ ಫೋಟೊ ಇಂಟರ್ನೆಟ್ ಮೂಲಕ ಬೆಂಗಳೂರಿನ ವೈದ್ಯರನ್ನು ತಲುಪುತ್ತದೆ. ಕೈಯಗಲದ ಶಿಶುಗಳ ಕಣ್ಣೊಳಗೇ ಬೆಳಕು ಬಿಟ್ಟು ಫೋಟೊ ತೆಗೆಯುವುದು ಅವುಗಳ ದೃಷ್ಟಿ ಉಳಿಸುವುದಕ್ಕಾಗಿ. ಅವಧಿಗೆ ಮುನ್ನ ಹುಟ್ಟಿದವರ ರೆಟಿನಾದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡು ತರುವ ಕಾಯಿಲೆ ಬರಬಹುದು. ಹೊರಗಿನಿಂದ ಅದು ಕಾಣುವುದಿಲ್ಲ. ಸಮಯಕ್ಕೆ ಪತ್ತೆಯಾದರೆ ಚಿಕಿತ್ಸೆ ಇದೆ.

ಹಾಗಾಗಿ ನಿಮ್ಮ ಮನೆಯ ಮಗು 34 ವಾರಕ್ಕೆ ಮುನ್ನ ಹುಟ್ಟಿದ್ದರೆ, ಅಥವಾ ಹುಟ್ಟುವಾಗ 2 ಕಿಲೊಗಿಂತ ಕಡಿಮೆ ತೂಕವಿದ್ದರೆ, 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಲೇಬೇಕು. ತೀರಾ ಚಿಕ್ಕ ಶಿಶುಗಳಿಗೆ ಇನ್ನೂ ಮುಂಚೆ. ಅಂಥ ಮಗುವಿಗೆ ಬುಕ್ ಮಾಡಬೇಕಾದ ಮೊದಲ ಫೋಟೊ ಅದೇ.

ಇನ್ನೊಂದು ವಿಷಯ. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಕಣ್ಣಿನ ಪಾಪೆ ಕೆಂಪಾಗಿ ಹೊಳೆಯುವುದು ಸಹಜ. ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬೆಳ್ಳಗೆ ಹೊಳೆದರೆ, ಅದು ಹಲವು ಫೋಟೊಗಳಲ್ಲಿ ಮತ್ತೆ ಮತ್ತೆ ಕಂಡರೆ, ಆ ಫೋಟೊ ಹಿಡಿದುಕೊಂಡೇ ಕಣ್ಣಿನ ವೈದ್ಯರ ಬಳಿ ಹೋಗಿ. ಕೆಲವೊಮ್ಮೆ ಫೋಟೊ ತೆಗೆದ ಕೋನದಿಂದಲೂ ಹಾಗೆ ಕಾಣಬಹುದು. ಆದರೆ ಅದು ಹುಟ್ಟಿನಿಂದ ಬಂದ ಪೊರೆಯೂ ಆಗಿರಬಹುದು, ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರಿನ ಮೊದಲ ಸುಳಿವೂ ಆಗಿರಬಹುದು. ಎಷ್ಟೋ ಮಕ್ಕಳಲ್ಲಿ ಇದನ್ನು ಮೊದಲು ಗಮನಿಸಿದ್ದು ಅಪ್ಪ ಅಮ್ಮನ ಮೊಬೈಲ್ ಫೋಟೊ.

ಫ್ಲ್ಯಾಶ್ ಹಾನಿಕರವಲ್ಲ ಎಂದ ಮಾತ್ರಕ್ಕೆ ಬೇಕೆಂದು ಅರ್ಥವಲ್ಲ. ಮಗು ಬೆಚ್ಚಿಬೀಳುತ್ತದೆ, ನಿದ್ದೆ ಕೆಡುತ್ತದೆ. ಕಿಟಕಿಯ ಬೆಳಕೇ ಚೆಂದ.

14 ದಿನದ ಲೆಕ್ಕ ಎಲ್ಲಿಂದ ಬಂತು?

ಇದು ವೈದ್ಯರ ಲೆಕ್ಕವಲ್ಲ, ಫೋಟೊಗ್ರಾಫರುಗಳ ಲೆಕ್ಕ. ಹಸುಗೂಸು ಮೊದಲ ಎರಡು ವಾರ ದಿನಕ್ಕೆ 16–17 ಗಂಟೆ ಮಲಗುತ್ತದೆ. ಹೊಟ್ಟೆಯಲ್ಲಿದ್ದಾಗಿನ ಹಾಗೆಯೇ ಕೈಕಾಲು ಮಡಚಿಕೊಂಡಿರುತ್ತದೆ. ಆಮೇಲೆ ಎಚ್ಚರದ ಹೊತ್ತು ಹೆಚ್ಚುತ್ತದೆ, ಮುಖದ ಮೇಲೆ ಸಣ್ಣ ಗುಳ್ಳೆ ಏಳಬಹುದು, ಸಂಜೆಯ ಅಳು ಶುರುವಾಗಬಹುದು. ಮುದುಡಿ ಮಲಗಿದ ಚಿತ್ರ ಬೇಕೆನ್ನುವವರು ಅದಕ್ಕೇ 5ರಿಂದ 14ನೇ ದಿನ ಎನ್ನುತ್ತಾರೆ. ಇಷ್ಟು ನಿಜ.

ಮರೆತುಹೋಗುವ ಅರ್ಧ ಇಲ್ಲಿದೆ. ಅವೇ ದಿನಗಳಲ್ಲಿ ಮಗು ಇಳಿದ ತೂಕವನ್ನು ಮತ್ತೆ ಗಳಿಸುತ್ತಿರುತ್ತದೆ. ತಾಯಿಯ ಹೊಲಿಗೆ ಮಾಗುತ್ತಿರುತ್ತದೆ, ಎದೆಹಾಲು ಹೊಂದಿಕೊಳ್ಳುತ್ತಿರುತ್ತದೆ. ಹೊಕ್ಕುಳ ಬಳ್ಳಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಒಣಗಿ ಬೀಳುತ್ತದೆ, ಅಲ್ಲಿಯವರೆಗೂ ಅದು ತೆರೆದ ಬಾಗಿಲು. ಅದಕ್ಕೇ ಸರ್ಕಾರದ ಮನೆ ಭೇಟಿ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ಫೋಟೊಗ್ರಾಫರ್ ಚೆಂದ ಎನ್ನುವ ದಿನಗಳೇ ಆರೋಗ್ಯ ಇಲಾಖೆ ಕಣ್ಣಿಟ್ಟು ಕಾಯುವ ದಿನಗಳು.

ಮಗು ಸಣ್ಣದಾಗಿದ್ದರೆ, ಆಸ್ಪತ್ರೆಯಲ್ಲಿ ಇದ್ದು ಬಂದಿದ್ದರೆ, ಹಾಲು ಸರಿಯಾಗಿ ಕುಡಿಯದಿದ್ದರೆ ಮುಂದೂಡಿ. 30ನೇ ದಿನದ ಮಗು ಕಣ್ಣು ಬಿಟ್ಟು ನಿಮ್ಮನ್ನೇ ನೋಡುತ್ತದೆ. ಅದೂ ಫೋಟೊವೇ.

ಹೆದರಬೇಕಾದದ್ದು ಚಳಿಗೆ

ಫೋಟೊಶೂಟ್ ಎಂದರೆ ಬಟ್ಟೆ ಬಿಚ್ಚುವುದು, ಬೇರೆ ಉಡಿಸುವುದು, ಮತ್ತೆ ಬಿಚ್ಚುವುದು. ಎರಡು ಮೂರು ಗಂಟೆ ಇದೇ ನಡೆಯುತ್ತದೆ. ಮಗುವಿಗೆ ನಮ್ಮ ಹಾಗೆ ನಡುಗಿ ಶಾಖ ಹುಟ್ಟಿಸಲು ಬರುವುದಿಲ್ಲ. ಮೈಗೆ ಹೋಲಿಸಿದರೆ ತಲೆ ದೊಡ್ಡದು, ಚರ್ಮ ತೆಳು, ಕೊಬ್ಬು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಹೋಲಿಕೆ ನೆನಪಿಡುವಂಥದ್ದು: ಆಗಷ್ಟೇ ಹುಟ್ಟಿದ ಬತ್ತಲೆ ಮಗು 23 ಡಿಗ್ರಿ ಸೆಲ್ಸಿಯಸ್ ಕೋಣೆಯಲ್ಲಿ ಕಳೆದುಕೊಳ್ಳುವ ಶಾಖ, ಬತ್ತಲೆ ವಯಸ್ಕರು 0 ಡಿಗ್ರಿಯಲ್ಲಿ ಕಳೆದುಕೊಳ್ಳುವ ಶಾಖಕ್ಕೆ ಸಮ. ನಮಗೆ ಹಿತವಾದ 23 ಡಿಗ್ರಿ ಅದಕ್ಕೆ ಹಿಮ. ವಾರದ ಮಗು ಸ್ವಲ್ಪ ಗಟ್ಟಿಯಾಗಿರುತ್ತದೆ, ಆದರೂ ಲೆಕ್ಕ ತೀರಾ ಬದಲಾಗುವುದಿಲ್ಲ.

ಮೈ ತಣ್ಣಗಾದ ಮಗು ಮೊದಲು ಮಂಕಾಗುತ್ತದೆ, ಹಾಲು ಕುಡಿಯುವುದು ಬಿಡುತ್ತದೆ. ನೋಡುವವರಿಗೆ ಅದು ಗಾಢ ನಿದ್ದೆಯಂತೆ ಕಾಣುತ್ತದೆ. 'ಎಷ್ಟು ಚೆನ್ನಾಗಿ ಮಲಗಿದೆ, ಇನ್ನೊಂದೆರಡು ತೆಗೆಯಿರಿ' ಎನ್ನುವ ಹೊತ್ತಿನಲ್ಲೇ ಅಪಾಯ ಇರುವುದು.

ಚಳಿ ಸಣ್ಣ ಮಾತಲ್ಲ ಎಂಬುದನ್ನು ನಮ್ಮ ನಾಡು ಕಹಿಯಾಗಿಯೇ ಕಲಿತಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಮಗುವನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಲಾಗಿತ್ತು. ಮಳೆ ಚಳಿಯಲ್ಲಿ ಕಾಯಿಲೆ ಬಿದ್ದ ಮಗು ಉಳಿಯಲಿಲ್ಲ. ಫೋಟೊಶೂಟ್ ಅದಕ್ಕೆ ಸಮವಲ್ಲ. ಆದರೆ ಕಾರಣ ಸಂಪ್ರದಾಯವೋ ಫ್ಯಾಷನ್ನೋ ಎಂದು ಮಗುವಿನ ಮೈ ಕೇಳುವುದಿಲ್ಲ.

ಏನು ಮಾಡಬೇಕು? ಕೋಣೆ 26–28 ಡಿಗ್ರಿ ಇರಲಿ. ಫ್ಯಾನು, ಎದುರು ಬದುರು ಕಿಟಕಿಯ ಗಾಳಿ ಬೇಡ. ಒಂದು ಸಾರಿಗೆ ಒಂದೇ ಬಟ್ಟೆ ಬದಲಿಸಿ, ನಡುವೆ ತಾಯಿಯ ಎದೆಗೆ ಕೊಡಿ. ಉಚ್ಚೆ ಮಾಡಿದರೆ ತಕ್ಷಣ ಒರೆಸಿ, ಒದ್ದೆ ಮೈ ಬೇಗ ತಣ್ಣಗಾಗುತ್ತದೆ. ಅರ್ಧ ಗಂಟೆಗೊಮ್ಮೆ ಅಂಗೈ ಹಿಂಭಾಗದಿಂದ ಹೊಟ್ಟೆ ಮತ್ತು ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕ್ಯಾಮೆರಾ ನಿಲ್ಲಿಸಿ. ಎರಡೂ ತಣ್ಣಗಿದ್ದರೆ ತಾಯಿಯ ಬರಿ ಎದೆಗೆ ಮಗುವನ್ನು ಒರಗಿಸಿ, ಮೇಲೆ ಹೊದಿಸಿ, ಆಸ್ಪತ್ರೆಗೆ ಹೊರಡಿ. ಥರ್ಮಾಮೀಟರ್ ಇದ್ದರೆ ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಇರಬೇಕು.

ಕೋಣೆ ಬೆಚ್ಚಗಾಗಲೆಂದು ಬಾಗಿಲು ಮುಚ್ಚಿ ಕೆಂಡದ ಬಾಣಲೆ ಇಡಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಪ್ರಾಣ ತೆಗೆಯುವ ಶಕ್ತಿ ಇದೆ. ಸಾಂಬ್ರಾಣಿ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಬೇಡ. ರೂಮ್ ಹೀಟರ್ ಇದ್ದರೆ ಮಗುವಿನಿಂದ ದೂರವಿರಲಿ. ಹಾಗೆಂದು ಅತಿ ಬಿಸಿಯೂ ಬೇಡ. ಮುಖ ಕೆಂಪಾಗಿ, ಕತ್ತು ಬೆವರಿದರೆ ಒಂದು ಪದರ ತೆಗೆಯಿರಿ.

ಗಲ್ಲಕ್ಕೆ ಕೈ ಕೊಟ್ಟು ಕೂತ ಮಗು

ಇನ್‌ಸ್ಟಾಗ್ರಾಮ್‌ನಲ್ಲಿ ನೀವು ನೋಡಿರುತ್ತೀರಿ: ಮೊಣಕೈ ಊರಿ, ಎರಡೂ ಅಂಗೈಯಲ್ಲಿ ಗಲ್ಲ ಇಟ್ಟು ಕಪ್ಪೆಯಂತೆ ಕೂತ ಹಸುಗೂಸು. ಅದು ಒಂದು ಫೋಟೊ ಅಲ್ಲ, ಎರಡು. ಒಂದರಲ್ಲಿ ಸಹಾಯಕರು ಮಗುವಿನ ತಲೆ ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಕೈ ಹಿಡಿದಿರುತ್ತಾರೆ. ಕಂಪ್ಯೂಟರಿನಲ್ಲಿ ಎರಡನ್ನೂ ಸೇರಿಸಿ, ಹಿಡಿದವರ ಕೈಗಳನ್ನು ಅಳಿಸುತ್ತಾರೆ. ಕೊಂಬೆಗೆ ನೇತು ಹಾಕಿದ ಜೋಳಿಗೆಯ ಫೋಟೊಗಳೂ ಹೀಗೆಯೇ. ಜೋಳಿಗೆ ನೆಲಕ್ಕೆ ಅಥವಾ ಹಾಸಿಗೆಗೆ ತಾಗಿರುತ್ತದೆ.

ಇದನ್ನು ಮನೆಯಲ್ಲಿ ಮೊಬೈಲ್ ಹಿಡಿದು ಪ್ರಯತ್ನಿಸಬೇಡಿ. ಹಸುಗೂಸಿಗೆ ಕತ್ತು ನಿಲ್ಲುವುದಿಲ್ಲ. ಗಲ್ಲ ಎದೆಗೆ ಒತ್ತಿದರೆ ಕಿರಿದಾದ ಶ್ವಾಸನಾಳ ಮಡಚಿಕೊಳ್ಳುತ್ತದೆ, ಮಗು ಕೂಗದೆಯೇ ಉಸಿರು ಕಟ್ಟುತ್ತದೆ. ಬಕೆಟ್, ಬುಟ್ಟಿಯೊಳಗೆ ಕೂರಿಸಿದಾಗಲೂ ಆಗುವುದು ಇದೇ. ಬೋರಲು ಮಲಗಿಸಿದ ಭಂಗಿ ಫೋಟೊದ ನಿಮಿಷಕ್ಕೆ, ಒಬ್ಬರ ಕೈ ಮಗುವಿನ ಮೇಲಿರುವಾಗ ಮಾತ್ರ. ನಿದ್ದೆಗೆ ಯಾವಾಗಲೂ ಅಂಗಾತವೇ. ಬಟ್ಟೆಯಲ್ಲಿ ಸುತ್ತುವಾಗ ಕಾಲುಗಳನ್ನು ನೇರ ಎಳೆದು ಬಿಗಿಯಬೇಡಿ. ಸೊಂಟದ ಕೀಲು ಕೂರುವುದಕ್ಕೆ ಮಂಡಿ ಮಡಚಲು ಜಾಗ ಬೇಕು.

ಶಿಶುಗಳನ್ನು ಹೂಕುಂಡ, ಎಲೆಕೋಸುಗಳಲ್ಲಿ ಇಟ್ಟು ಫೋಟೊ ತೆಗೆದು ಜಗತ್ತಿಗೆ ಈ ರುಚಿ ಹತ್ತಿಸಿದವರಲ್ಲಿ ಆ್ಯನ್ ಗೆಡ್ಡೆಸ್ ಮುಖ್ಯರು. 1996ರಲ್ಲಿ ಬಂದ ಅವರ 'ಡೌನ್ ಇನ್ ದ ಗಾರ್ಡನ್' ಪುಸ್ತಕ ತುಂಬ ಜನಪ್ರಿಯ. ನಮ್ಮಲ್ಲಿ ಅದಕ್ಕೂ ಮುಂಚೆಯೇ ಕೂಸನ್ನು ಮೊರದಲ್ಲಿ ಮಲಗಿಸುವ ಶಾಸ್ತ್ರವಿದೆ, ತೊಟ್ಟಿಲ ಶಾಸ್ತ್ರವಿದೆ. ಹಾಗಾಗಿ ಪ್ಲಾಸ್ಟಿಕ್ ಚಂದ್ರ ಬಾಡಿಗೆಗೆ ತರಬೇಕಿಲ್ಲ. ಅಂಗಾತ ಮಲಗಿದ ಮಗು, ಅಗಲವಾದ ಮೊರ, ಕೆಳಗೆ ಚಳ್ಳಕೆರೆ ಕಂಬಳಿ, ಅದರ ಮೇಲೆ ಮಡಚಿದ ಹಳೆಯ ಹತ್ತಿ ಸೀರೆ, ಪಕ್ಕದಲ್ಲಿ ಒಂದು ಅಡಿಕೆ ಹೊಂಬಾಳೆ ಸಾಕು. ಕಂಬಳಿ ನೇರವಾಗಿ ಮೈಗೆ ತಾಗಿದರೆ ಚುಚ್ಚುತ್ತದೆ. ಮೊಳಕಾಲ್ಮೂರು ಸೀರೆಯ ಜರಿಯೂ ಚುಚ್ಚುತ್ತದೆ, ಅಂಚು ದೂರವಿರಲಿ. ಹೂವು ಮಗುವಿನ ಮುಖದ ಬಳಿ ಬೇಡ: ಇರುವೆ, ಔಷಧಿ, ಪರಾಗ ಮೂರೂ ಇರುತ್ತವೆ. ಮಣಿಸರ, ದಾರ, ಗುಂಡು ಬ್ಯಾಟರಿ ಇರುವ ಮಿಣುಕು ದೀಪಗಳನ್ನು ಆ ಹಾಸಿಗೆಯ ಹತ್ತಿರ ತರಲೇಬೇಡಿ.

ನಿದ್ದೆಗೆ ಜಾಯಿಕಾಯಿ, ಜೇನು

ಬೇಡ. ಜಾಯಿಕಾಯಿ ಮಂಪರು ಬರಿಸುತ್ತದೆ ಎಂಬುದು ನಿಜವೇ, ಅಪಾಯವೂ ಅದೇ. ಹೆಚ್ಚಾದರೆ ಅದು ವಿಷ, ಮೂರು ಕಿಲೊ ಮಗುವಿಗೆ ಎಷ್ಟು ಹೆಚ್ಚು ಎಂದು ತೇಯುವ ಕಲ್ಲಿಗೆ ಗೊತ್ತಿಲ್ಲ. ಬಜೆಗೂ ಇದೇ ಮಾತು. ಜೇನಿನಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳು ಅವನ್ನು ತಡೆಯುತ್ತದೆ, ಶಿಶುವಿನದ್ದು ತಡೆಯುವುದಿಲ್ಲ. ಸ್ನಾಯುಗಳು ಸೋತು ಉಸಿರಾಟ ನಿಲ್ಲಬಹುದು. ಒಂದು ವರ್ಷದವರೆಗೆ ಜೇನು ಕೂಡದು. ಆರು ತಿಂಗಳವರೆಗೆ ಎದೆಹಾಲು ಮಾತ್ರ. ನಿದ್ದೆ ಬರಿಸುವ ಔಷಧ ಬೇಕೆಂದರೆ ಅದೂ ಎದೆಹಾಲೇ: ಹೊಟ್ಟೆ ತುಂಬ ಕುಡಿಸಿ, ತೇಗಿಸಿ, ಅರ್ಧ ಗಂಟೆ ಕಾಯಿರಿ. ಮೊಬೈಲ್‌ನಲ್ಲಿ ಮಳೆಯ ಸದ್ದು ಹಾಕುವುದಾದರೆ ಮೆಲ್ಲಗೆ, ಮಗುವಿನಿಂದ ದೂರದಲ್ಲಿ.

ಕೈ, ಮುತ್ತು, ಕಾಡಿಗೆ

ಫೋಟೊಗ್ರಾಫರ್ ಇವತ್ತು ನಿಮ್ಮ ಮನೆಯಲ್ಲಿ, ನಿನ್ನೆ ಇನ್ನೊಬ್ಬರ ಮನೆಯಲ್ಲಿ. ಅವರ ಚೀಲದ ಟೋಪಿ, ಬಟ್ಟೆಗಳೂ ಹಾಗೆಯೇ. ನಾಯಿಕೆಮ್ಮಿನಿಂದ ಕಾಪಾಡುವ ಲಸಿಕೆ ಮಗುವಿಗೆ ಸಿಗುವುದು ಆರನೇ ವಾರದಿಂದ. ಅಲ್ಲಿಯವರೆಗೆ ಸುತ್ತಲಿನವರ ಎಚ್ಚರವೇ ಲಸಿಕೆ. ಕೆಮ್ಮು, ನೆಗಡಿ, ಜ್ವರ ಇರುವವರು ಫೋಟೊಗ್ರಾಫರಾಗಲಿ, ಸೋದರಮಾವನಾಗಲಿ, ದಿನ ಬದಲಿಸಬೇಕು. ತುಟಿಯ ಮೇಲೆ ನೀರುಗುಳ್ಳೆ ಇರುವವರು ಮುತ್ತು ಕೊಡಲೇಬಾರದು. ಅದರ ವೈರಸ್ ಹಸುಗೂಸಿನ ಮಿದುಳಿಗೆ ಇಳಿಯಬಲ್ಲದು. ಮಗುವನ್ನು ಮುಟ್ಟುವ ಪ್ರತಿಯೊಬ್ಬರೂ ಸೋಪಿನಿಂದ ಕೈ ತೊಳೆಯಲಿ. ಟೋಪಿ, ಬಟ್ಟೆಗಳು ನಿಮ್ಮವೇ ಇರಲಿ, ಒಗೆದು ಬಿಸಿಲಿನಲ್ಲಿ ಒಣಗಿಸಿ.

ದೃಷ್ಟಿ ಬೊಟ್ಟು ಇಡುವುದು ನಿಮ್ಮ ನಂಬಿಕೆ. ಇಡಲೇಬೇಕೆಂದರೆ ಪಾದದಲ್ಲಿ ಇಡಿ, ಕಣ್ಣೊಳಗೆ ಕಾಡಿಗೆ ಬೇಡ. ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ. ಬೆರಳಿನಿಂದ ಸೋಂಕೂ ಹೋಗುತ್ತದೆ. ಪೌಡರ್ ಹಾರಿ ಶ್ವಾಸಕ್ಕೆ ಸೇರುತ್ತದೆ. ಹೊಕ್ಕುಳಿಗೆ ಅರಿಸಿನ, ಎಣ್ಣೆ, ಬೂದಿ ಏನೂ ಬೇಡ. ಒಣಗಿದ ಬಳ್ಳಿ ಫೋಟೊದಲ್ಲಿ ಕಂಡರೆ ಕಾಣಲಿ.

ಹಳದಿ ಬಣ್ಣವನ್ನು ಅಳಿಸುವ ಮುನ್ನ

ಭೀಮಸಮುದ್ರದ ಆ ಏಳನೇ ದಿನಕ್ಕೆ ಬರುತ್ತೇನೆ. ಫೋಟೊಗ್ರಾಫರ್ ಬೆಳಿಗ್ಗೆ ಹತ್ತಕ್ಕೆ ಬಂದರು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿತ್ತು, ಹಳದಿ ಬಲ್ಬು ಉರಿಯುತ್ತಿತ್ತು. ಮಗು ಮಲಗೇ ಇತ್ತು. ರಾತ್ರಿಯಿಂದ ಹಾಲಿಗೆ ಅಷ್ಟಾಗಿ ಎದ್ದಿಲ್ಲ, ಫೋಟೊಗೆ ಒಳ್ಳೆಯದೇ ಆಯಿತು ಎಂದರು ಯಾರೋ. ಅಷ್ಟರಲ್ಲಿ ಏಳನೇ ದಿನದ ಭೇಟಿಗೆ ಆಶಾ ಕಾರ್ಯಕರ್ತೆ ಬಂದರು. ಮಗುವನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ತಂದು, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗ ಹಳದಿಯಾಗಿ ಕಂಡಿತು. 'ಫೋಟೊ ಆಮೇಲೆ, ಮೊದಲು ಚಿತ್ರದುರ್ಗ' ಎಂದರು.

ಕಾಮಾಲೆ ಹಸುಗೂಸುಗಳಲ್ಲಿ ಬಹಳ ಸಾಮಾನ್ಯ. ತುಂಬು ತಿಂಗಳಿಗೆ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡು ಮೂರನೇ ದಿನ ಹಳದಿ ಕಾಣಿಸಿ, ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಆದರೆ ಮೊದಲ 24 ಗಂಟೆಯಲ್ಲೇ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಎರಡು ವಾರ ದಾಟಿದರೂ ಉಳಿದರೆ ಆಸ್ಪತ್ರೆಗೆ ಹೋಗಲೇಬೇಕು. ರಕ್ತದಲ್ಲಿ ಬಿಲಿರುಬಿನ್ ಅತಿಯಾದರೆ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ. ಬಿಸಿಲಿಗೆ ಹಿಡಿಯುವುದು ಇದಕ್ಕೆ ಚಿಕಿತ್ಸೆ ಅಲ್ಲ. ಎಷ್ಟು ಬೆಳಕು ಬಿತ್ತೆಂದು ಅಳೆಯಲಾಗದು, ಮಗು ತಣ್ಣಗಾಗಬಹುದು ಅಥವಾ ಸುಡಬಹುದು. ಮುಖ್ಯವಾಗಿ, ಹೊತ್ತು ಕಳೆದುಹೋಗುತ್ತದೆ.

ಆದ್ದರಿಂದ ಬಣ್ಣ ನೋಡಬೇಕಾದದ್ದು ಹಗಲಿನ ಬೆಳಕಿನಲ್ಲಿ, ಬರಿಗಣ್ಣಿನಿಂದ. ಮೊಬೈಲ್ ಫಿಲ್ಟರ್, ಸ್ಟುಡಿಯೊ ಎಡಿಟಿಂಗ್ ಎರಡೂ ಹಳದಿಯನ್ನು ಅಳಿಸಿ ಗುಲಾಬಿ ಮಾಡುತ್ತವೆ. ಆ ಫೋಟೊ ನೋಡಿ 'ಮಗು ಚೆನ್ನಾಗಿದೆ' ಎಂದುಕೊಳ್ಳಬೇಡಿ. ದೂರದ ವೈದ್ಯರಿಗೆ ಕಳಿಸುವುದಾದರೆ ಎಡಿಟ್ ಮಾಡದ ಫೋಟೊ ಕಳಿಸಿ.

ಹಿಂದಿನ ದಿನ ಮತ್ತು ಆ ದಿನ

• ಮಗು ಎಂದಿನಂತೆ ಹಾಲು ಕುಡಿಯುತ್ತಿದೆಯೇ? ದಿನಕ್ಕೆ 8ರಿಂದ 12 ಸಾರಿ ಕುಡಿಯಬೇಕು. ಇಲ್ಲದಿದ್ದರೆ ಶೂಟ್ ಬೇಡ.
• ಹಗಲಿನ ಬೆಳಕಿನಲ್ಲಿ ಅಂಗೈ, ಅಂಗಾಲು ನೋಡಿ.
• ಫೋಟೊಗ್ರಾಫರನ್ನು ಕೇಳಿ: ಹಸುಗೂಸುಗಳ ಅನುಭವ ಇದೆಯೇ? ಎರಡು ಫೋಟೊ ಸೇರಿಸುವ ಭಂಗಿಗಳನ್ನು ಹೇಗೆ ಮಾಡುತ್ತೀರಿ? ಕೆಮ್ಮು ನೆಗಡಿ ಇದೆಯೇ?
• ಸ್ಟುಡಿಯೊಗೆ ಮಗುವನ್ನು ಒಯ್ಯುವುದಕ್ಕಿಂತ ಮನೆಗೆ ಕರೆಸುವುದು ಮೇಲು.
• ಒಬ್ಬರಿಗೆ ಒಂದೇ ಕೆಲಸ: ಮಗುವಿನ ಮೇಲೆ ಕೈ, ಮಗುವಿನ ಮೇಲೆ ಕಣ್ಣು. ಅವರ ಕೈಯಲ್ಲಿ ಮೊಬೈಲ್ ಬೇಡ.
• ತಾಯಿಗೆ ಊಟ, ನೀರು, ಒರಗಿಕೊಳ್ಳಲು ಜಾಗ. ಸಾಕು ಎಂದು ಅವಳು ಹೇಳಿದರೆ ಸಾಕು.
• ಮಗು ಅತ್ತರೆ ನಿಲ್ಲಿಸಿ. ಅದಕ್ಕೆ ಬೇಡ ಎನ್ನಲು ಇರುವುದು ಅದೊಂದೇ ಮಾತು.

ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಎದೆ ಒಳಕ್ಕೆ ಸೆಳೆಯುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದಿರುವುದು, ಸೆಳವು, ಹೊಕ್ಕುಳ ಸುತ್ತ ಕೆಂಪು, ಮೈ ಸುಡುವುದು ಅಥವಾ ತಣ್ಣಗಾಗುವುದು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ.

ಫೋಟೊ ಬಂದ ಮೇಲೆ ಹಂಚುವ ಮುನ್ನ ಒಂದು ಕ್ಷಣ ನಿಲ್ಲಿ. ಕೈಪಟ್ಟಿಯಲ್ಲಿ ತಾಯಿಯ ಹೆಸರು, ಆಸ್ಪತ್ರೆಯ ನಂಬರ್ ಇದ್ದರೆ ಮರೆಮಾಡಿ. ಬತ್ತಲೆ ಫೋಟೊ ಮನೆಯ ಆಲ್ಬಂನಲ್ಲೇ ಇರಲಿ. ಒಮ್ಮೆ ಗುಂಪಿಗೆ ಹೋದ ಮಗುವಿನ ಮುಖ ನಾಳೆ ಯಾರದೋ 'ಚಿಕಿತ್ಸೆಗೆ ಹಣ ಕಳಿಸಿ' ಎಂಬ ಸುಳ್ಳು ಸಂದೇಶದಲ್ಲಿ ತಿರುಗಬಹುದು.

ನಮ್ಮ ಮಗು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಎರಡು ದಿನ ನೀಲಿ ಬೆಳಕಿನ ಕೆಳಗೆ ಮಲಗಿತ್ತು. ಫ್ಲ್ಯಾಶ್‌ಗೆ ಹೆದರಿದ್ದ ಅಜ್ಜಿ ಆ ದೀಪದ ಪಕ್ಕದಲ್ಲೇ ಕೂತಿದ್ದರು. ಅಲ್ಲಿ ಗಂಟೆಗಟ್ಟಲೆ ತೀವ್ರ ಬೆಳಕು ಬೀಳುವುದರಿಂದ ಪಟ್ಟಿ ಬೇಕು, ಕ್ಯಾಮೆರಾಗೆ ಬೇಡ ಎಂದು ನರ್ಸ್ ಅವರಿಗೆ ಬಿಡಿಸಿ ಹೇಳಿದರಂತೆ. ಫೋಟೊಶೂಟ್ ನಡೆದದ್ದು 26ನೇ ದಿನ. ಮುದುಡಿದ ಭಂಗಿ ಸಿಗಲಿಲ್ಲ. ತಾಯಿಯ ಎದೆಯ ಮೇಲೆ ಮಲಗಿ, ಕಿಟಕಿಯ ಕಡೆ ಕಣ್ಣರಳಿಸಿದ ಒಂದು ಫೋಟೊ ಸಿಕ್ಕಿತು. ಅಜ್ಜಿ ಅದಕ್ಕೇ ಚೌಕಟ್ಟು ಹಾಕಿಸಿದ್ದಾರೆ.